ಮ್ಯಾಕ್‌ಬೆತ್: ನೆಪಗಳಿಲ್ಲದ ಮಹತ್ವಾಕಾಂಕ್ಷೆ

ಮ್ಯಾಕ್‌ಬೆತ್‌ನ ಪತನಕ್ಕೆ ಕಾರಣವೇನು ಎಂಬ ಪ್ರಶ್ನೆಗೆ ಉತ್ತರಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ: ಮಾಟಗಾತಿಯರ ಭವಿಷ್ಯವಾಣಿ ಮತ್ತು ಹೆಂಡತಿಯ ಪ್ರಚೋದನೆ. ಎರಡೂ ನಾಟಕದಲ್ಲಿವೆ, ನಿಜ. ಆದರೆ ಎರಡೂ ಅವನ ಹೊಣೆಯನ್ನು ಬೇರೊಬ್ಬರ ಹೆಗಲಿಗೆ ದಾಟಿಸುತ್ತವೆ. ಷೇಕ್ಸ್‌ಪಿಯರ್ ತನ್ನ ಆಕರವನ್ನು ಎಲ್ಲೆಲ್ಲಿ ತಿದ್ದಿಕೊಂಡಿದ್ದಾನೆಂದು ಗಮನಿಸಿದರೆ ಈ ಉತ್ತರಗಳು ಸಾಲವೆಂಬುದು ಮನದಟ್ಟಾಗುತ್ತದೆ.

ಸುಮಾರು 1606ರಲ್ಲಿ ರಚಿತವಾದ ಈ ರುದ್ರನಾಟಕದ ಕಥೆ ಹಾಲಿನ್‌ಷೆಡ್‌ನ ಇತಿಹಾಸಗ್ರಂಥದಿಂದ ಬಂದದ್ದು. ಅಲ್ಲಿ ದೊರೆ ಡಂಕನ್ ತೀರ ಮೃದು ಸ್ವಭಾವದವನು, ಆಡಳಿತದಲ್ಲಿ ಸಡಿಲ. ಎಳೆಯ ಮಗ ಮಾಲ್ಕಮ್‌ನನ್ನು ಅವನು ಮುಂದಿನ ಅರಸನಂತೆ ಸೂಚಿಸಿದಾಗ, ಹಳೆಯ ಕಟ್ಟಳೆಯ ಪ್ರಕಾರ ತನಗಿದ್ದ ಹಕ್ಕು ತಪ್ಪಿತೆಂದು ದೂರಲು ಮ್ಯಾಕ್‌ಬೆತ್‌ಗೆ ಆಸ್ಪದವಿದೆ. ಬ್ಯಾಂಕೋ ಒಳಸಂಚಿನಲ್ಲಿ ಪಾಲುದಾರ. ಪಟ್ಟಕ್ಕೇರಿದ ಮೇಲೆ ಹತ್ತು ವರ್ಷ ಮ್ಯಾಕ್‌ಬೆತ್ ನ್ಯಾಯದಿಂದಲೇ ಆಳುತ್ತಾನೆ. ಚರಿತ್ರೆಯ ಮ್ಯಾಕ್‌ಬೆತ್ 1040ರಿಂದ 1057ರವರೆಗೆ ರಾಜ್ಯವಾಳಿದವನು. ಡಂಕನ್ ಸತ್ತದ್ದೂ ಹಾಸಿಗೆಯಲ್ಲಲ್ಲ, ಕಾಳಗದಲ್ಲಿ.

ಷೇಕ್ಸ್‌ಪಿಯರ್ ಈ ನೆಪಗಳನ್ನೆಲ್ಲ ಒಂದೊಂದಾಗಿ ಕಳಚುತ್ತಾನೆ. ಡಂಕನ್ ವೃದ್ಧನೂ ಸದ್ಗುಣಿಯೂ ಆಗುತ್ತಾನೆ. ಬ್ಯಾಂಕೋ ನಿರ್ದೋಷಿಯಾಗುತ್ತಾನೆ. (ದೊರೆ ಜೇಮ್ಸ್‌ನ ವಂಶ ಬ್ಯಾಂಕೋವಿನಿಂದ ಬಂದದ್ದೆಂಬ ನಂಬಿಕೆ ಆಗ ಇತ್ತಾದ್ದರಿಂದ ಇದರಲ್ಲಿ ಆಸ್ಥಾನದ ಮರ್ಜಿಯೂ ಇದ್ದೀತು.) ಹಕ್ಕಿನ ವಾದವನ್ನು ಮ್ಯಾಕ್‌ಬೆತ್ ಎತ್ತುವುದೇ ಇಲ್ಲ. ಹತ್ತು ವರ್ಷಗಳ ಒಳ್ಳೆಯ ಆಳ್ವಿಕೆ ಸಂಪೂರ್ಣವಾಗಿ ಮಾಯವಾಗುತ್ತದೆ.

ಇದರ ಫಲವನ್ನು ಮೊದಲ ಅಂಕದ ಏಳನೆಯ ದೃಶ್ಯದಲ್ಲಿ ಕಾಣಬಹುದು. ಅಲ್ಲಿಯ ಸ್ವಗತದಲ್ಲಿ ಮ್ಯಾಕ್‌ಬೆತ್ ತಾನೇ ವಕೀಲನೂ ತಾನೇ ನ್ಯಾಯಾಧೀಶನೂ ಆಗುತ್ತಾನೆ. ತಾನು ದೊರೆಯ ಬಂಧು, ಪ್ರಜೆ, ಆ ರಾತ್ರಿಯ ಮಟ್ಟಿಗೆ ಆತಿಥೇಯ. ಕೊಲ್ಲಬಾರದೆನ್ನುವುದಕ್ಕೆ ಇಷ್ಟು ಕಾರಣಗಳು. ಕೊಲ್ಲುವುದಕ್ಕೆ ಅವನಿಗೆ ಸಿಗುವುದು ಒಂದೇ, ತನ್ನ ಮಹತ್ವಾಕಾಂಕ್ಷೆ. ಅದೂ ಕುದುರೆ ಏರಲು ಅತಿಯಾಗಿ ಜಿಗಿದು ಆಚೆ ಬದಿಗೆ ಬೀಳುವ ಸವಾರನಂಥದೆಂದು ಅವನೇ ಕಾಣುತ್ತಾನೆ. ಕನ್ನಡದಲ್ಲೂ ಮರಾಠಿಯಲ್ಲೂ ‘ಮಹತ್ವಾಕಾಂಕ್ಷೆ’ ಹೆಚ್ಚಾಗಿ ಹೊಗಳಿಕೆಯ ಮಾತು. ಬಹುಮಾನ ವಿತರಣೆಯ ಭಾಷಣಗಳಲ್ಲಿ ಕೇಳಿಬರುವಂಥದು. ಹಾಗೆಂದು ಇಲ್ಲಿ ‘ದುರಾಸೆ’ ಎಂದರೂ ಹೊಂದದು. ದುರಾಸೆಯವನಿಗೆ ವಿವೇಕ ಕುರುಡಾಗಿರುತ್ತದೆ. ಮ್ಯಾಕ್‌ಬೆತ್‌ನ ವಿವೇಕ ಕಣ್ಣು ತೆರೆದೇ ಇದೆ. ಡಿ.ವಿ.ಜಿ.ಯವರ ಅನುವಾದವನ್ನು ಓದುವವರು ಈ ಸ್ವಗತದ ಬಳಿ ತುಸು ನಿಲ್ಲಬೇಕು. ಶ್ರೀಕಂಠೇಶಗೌಡರ ‘ಪ್ರತಾಪರುದ್ರದೇವ’ವೂ ಮರಾಠಿ ಬಲ್ಲವರಿಗೆ ಶಿ. ಮ. ಪರಾಂಜಪೆಯವರ ‘ಮಾನಾಜಿರಾವ್’ ಕೂಡ ಇದೇ ನಾಟಕದ ರೂಪಾಂತರಗಳು.

ಇನ್ನು ಮಾಟಗಾತಿಯರು. ಅವರು ಬ್ಯಾಂಕೋವಿಗೂ ಭವಿಷ್ಯ ನುಡಿದಿದ್ದರು. ಅವನು ಕತ್ತಿ ಹಿರಿಯಲಿಲ್ಲ. ಮ್ಯಾಕ್‌ಬೆತ್‌ಗೆ ಅರಸನಾಗುವೆಯೆಂದರೇ ಹೊರತು ಕೊಲ್ಲು ಎನ್ನಲಿಲ್ಲ. ಹೆಂಡತಿಯ ಕೆಣಕುಮಾತು ಹರಿತವಾದದ್ದೇ. ಆದರೂ ಮಲಗಿದ್ದ ದೊರೆಯಲ್ಲಿ ತನ್ನ ತಂದೆಯ ಹೋಲಿಕೆ ಕಂಡು ಅವಳ ಕೈ ಹಿಂಜರಿಯಿತು. ಬ್ಯಾಂಕೋವಿನ ಕೊಲೆಯನ್ನಂತೂ ಅವನು ಅವಳಿಗೆ ತಿಳಿಸದೆಯೇ ಏರ್ಪಡಿಸುತ್ತಾನೆ. ಮ್ಯಾಕ್‌ಡಫ್‌ನ ಮಡದಿ ಮಕ್ಕಳನ್ನು ಕೊಲ್ಲಿಸುವ ಹೊತ್ತಿಗೆ ಪಡೆಯಬೇಕಾದದ್ದು ಏನೂ ಉಳಿದಿಲ್ಲ. ಕಿರೀಟವನ್ನು ಬಯಸಿ ಆರಂಭವಾದದ್ದು ಈಗ ಭಯದಿಂದ ನಡೆಯುತ್ತಿದೆ. ಕೂಡಿ ಸಂಚು ಹೂಡಿದ ಇಬ್ಬರಿಗೂ ನಿದ್ರೆ ಇಲ್ಲ. ಆದರೆ ಅವಳು ನಿದ್ದೆಗಣ್ಣಿನಲ್ಲಿ ಕೈ ಉಜ್ಜಿಕೊಳ್ಳುತ್ತ ಅಲೆಯುವಾಗ ಅವನು ಅಲ್ಲಿಲ್ಲ. ಅವಳ ಸಾವಿನ ಸುದ್ದಿ ಬಂದಾಗ ಅಳಲೂ ಅವನಿಗೆ ಬಿಡುವಿಲ್ಲ.

ಈ ಪತನವನ್ನು ಒಂದೇ ನೋಟದಲ್ಲಿ ಕಾಣಿಸುವುದು ಮೂರನೆಯ ಅಂಕದ ಔತಣ. ಸರದಾರರು ಅವರವರ ಅಂತಸ್ತಿನಂತೆ ಕುಳಿತಿದ್ದಾರೆ. ದೊರೆಗೆಂದು ಇಟ್ಟ ಪೀಠವನ್ನು ಅತಿಥಿಗಳು ತೋರಿಸುತ್ತಾರೆ. ಅವರ ಕಣ್ಣಿಗೆ ಅದು ಖಾಲಿ. ಅವನಿಗೆ ಮಾತ್ರ ಅಲ್ಲಿ ಬ್ಯಾಂಕೋ ಕುಳಿತಿರುವುದು ಕಾಣುತ್ತದೆ. ಸ್ಕಾಟ್ಲೆಂಡಿನ ಸಿಂಹಾಸನವನ್ನು ಗೆದ್ದವನು ತನ್ನದೇ ಮನೆಯ ಊಟದಲ್ಲಿ ಕೂರಲು ಜಾಗವಿಲ್ಲದೆ ನಿಂತಿದ್ದಾನೆ.