ಶಾಲಾಧಿಪತಿಗಳೂ ಯಂತ್ರಗಳೂ

ಶಾಸ್ತ್ರಗ್ರಂಥವೊಂದನ್ನು ಆರಂಭಿಸುವ ಮೊದಲು ಗ್ರಂಥಕಾರನು ನಾಲ್ಕು ಸಂಗತಿಗಳನ್ನು ತಿಳಿಸತಕ್ಕದ್ದೆಂದು ನಮ್ಮ ಪೂರ್ವಿಕರು ವಿಧಿಸಿದ್ದರು. ಗ್ರಂಥದ ವಿಷಯವೇನು, ಅದರಿಂದ ಪ್ರಯೋಜನವೇನು, ಅದನ್ನು ಓದತಕ್ಕ ಅಧಿಕಾರಿ ಯಾರು, ಇವುಗಳಿಗೆ ತಮ್ಮತಮ್ಮಲ್ಲಿ ಸಂಬಂಧವೇನು ಎಂಬ ಈ ನಾಲ್ಕಕ್ಕೆ ಅನುಬಂಧಚತುಷ್ಟಯವೆಂದು ಹೆಸರು. ಇವನ್ನು ಹೇಳದೆ ಹೊರಟ ಗ್ರಂಥವನ್ನು ವಿವೇಕಿಗಳು ಕೈಗೆತ್ತಿಕೊಳ್ಳುತ್ತಿರಲಿಲ್ಲ. ಇಲ್ಲಿ ‘ಅಧಿಕಾರಿ’ ಎಂಬ ಮಾತನ್ನು ವಾಚಕರು ಗಮನಿಸಬೇಕು. ಶಾಸ್ತ್ರದಲ್ಲಿ ಅದಕ್ಕೆ ಕಲಿಯಲು ಅರ್ಹನಾದ ಶಿಷ್ಯನೆಂದು ಅರ್ಥ. ಕಾಲಕ್ರಮದಲ್ಲಿ ಆ ಮಾತು ಪಾಠಶಾಲೆಯ ಚಾಪೆಯನ್ನು ಬಿಟ್ಟು ಕಚೇರಿಯ ಕುರ್ಚಿಯನ್ನೇರಿತು. ಶಾಲೆಗಳಿಗೆ ಯಂತ್ರಗಳನ್ನು ಕೊಳ್ಳುವ ಅಮೆರಿಕದ ಶಾಲಾಧಿಪತಿಗಳ ವೃತ್ತಾಂತಗಳನ್ನು ಓದುವಾಗ ಈ ಅರ್ಥಾಂತರವು ನಮಗೆ ಮತ್ತೆ ಮತ್ತೆ ನೆನಪಿಗೆ ಬಂದಿತು.

ಆ ದೇಶದಲ್ಲಿ ಶಾಲೆಗಳ ಆಡಳಿತವು ನಮ್ಮಲ್ಲಿಯಂತಲ್ಲ. ನಮ್ಮ ಸರ್ಕಾರಿ ಶಾಲೆಗೆ ಕಂಪ್ಯೂಟರು ಬರಬೇಕಾದರೆ ಬಹುಮಟ್ಟಿಗೆ ಬೆಂಗಳೂರಿನಲ್ಲಿ ತೀರ್ಮಾನವಾಗಬೇಕು; ಜಿಲ್ಲೆಯ ಉಪನಿರ್ದೇಶಕರೂ ತಾಲ್ಲೂಕಿನ ಕ್ಷೇತ್ರಶಿಕ್ಷಣಾಧಿಕಾರಿಗಳೂ ಬಂದದ್ದನ್ನು ಹಂಚಿಸುವವರು. ಅಮೆರಿಕವಾದರೋ ಸುಮಾರು 13,000 ಶಾಲಾಮಂಡಲಗಳಾಗಿ ವಿಭಾಗಗೊಂಡಿದೆ. ಇವಕ್ಕೆ ಅವರು ಸ್ಕೂಲ್ ಡಿಸ್ಟ್ರಿಕ್ಟ್ ಎನ್ನುತ್ತಾರೆ. ಬಹುಪಾಲು ಮಂಡಲಗಳಲ್ಲಿ ಊರಿನವರೇ ಮತ ಹಾಕಿ ಬೋರ್ಡನ್ನು ಆರಿಸುತ್ತಾರೆ. ಬೋರ್ಡಿನವರು ಸೂಪರಿಂಟೆಂಡೆಂಟ್ ಎಂಬ ಮುಖ್ಯಾಧಿಪತಿಯನ್ನು ನೇಮಿಸುತ್ತಾರೆ. ಮನೆ ಜಮೀನುಗಳ ಮೇಲಿನ ಕಂದಾಯದಲ್ಲಿ ದೊಡ್ಡ ಪಾಲು ಶಾಲೆಗೇ ಸಲ್ಲುತ್ತದೆ. ಆದುದರಿಂದ ಶಾಲೆಯವರು ಕೊಂಡ ಯಂತ್ರದ ಬೆಲೆಯನ್ನು ವಿಚಾರಿಸುವ ಹಕ್ಕು ಅಲ್ಲಿಯ ಗೃಹಸ್ಥನಿಗೆ ನೇರವಾಗಿಯೇ ಉಂಟು. ಕನ್ನಡಿಗರ ಮಕ್ಕಳು ಮೊಮ್ಮಕ್ಕಳು ಅನೇಕರು ಆ ಶಾಲೆಗಳಲ್ಲಿ ಓದುತ್ತಿರುವುದರಿಂದ ನಮ್ಮ ವಾಚಕರಲ್ಲಿಯೂ ಕೆಲವರ ಮನೆಗೆ ಇದು ತಟ್ಟುವ ಮಾತಾಗಿದೆ.

ಲಾಸ್ ಏಂಜಲಿಸ್ ಮಂಡಲವು ನ್ಯೂಯಾರ್ಕಿನ ತರುವಾಯ ಆ ದೇಶದಲ್ಲಿ ಎರಡನೆಯ ದೊಡ್ಡ ಮಂಡಲ. 2013ರಲ್ಲಿ ಅಲ್ಲಿ ಆರು ಲಕ್ಷಕ್ಕೂ ಮೀರಿ ವಿದ್ಯಾರ್ಥಿಗಳಿದ್ದರು. ಅವರಲ್ಲಿ ಬಹುಮಂದಿ ಬಡವರ ಮಕ್ಕಳು. ಆಗಿನ ಸೂಪರಿಂಟೆಂಡೆಂಟರಾದ ಜಾನ್ ಡೇಸಿಯವರು ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದೊಂದು ಐಪ್ಯಾಡನ್ನು ಕೊಡಿಸಬೇಕೆಂದು ಸಂಕಲ್ಪಿಸಿದರು. ಉಳ್ಳವರ ಮಕ್ಕಳಿಗೆ ಮನೆಯಲ್ಲಿಯೇ ದೊರೆಯುವ ಸಾಧನವು ಇಲ್ಲದವರ ಮಕ್ಕಳಿಗೆ ಶಾಲೆಯಲ್ಲಾದರೂ ದೊರೆಯಲೆಂಬುದು ಅವರ ವಾದ. ಈ ವಾದವನ್ನು ನಾವು ಹಗುರವಾಗಿ ಕಾಣಲಾರೆವು. ಪುಸ್ತಕವಿಲ್ಲದ ಹುಡುಗನು ಪಕ್ಕದವನ ಪುಸ್ತಕದೊಳಕ್ಕೆ ಇಣುಕಿ ಓದುವುದನ್ನು ವರ್ಷಗಟ್ಟಲೆ ಕಂಡ ಉಪಾಧ್ಯಾಯರಾರೂ ಅದನ್ನು ತಳ್ಳಿಹಾಕುವುದಿಲ್ಲ. ಆ ವರ್ಷದ ಜೂನ್ ತಿಂಗಳಿನಲ್ಲಿ ಬೋರ್ಡು 47 ಶಾಲೆಗಳಿಗಾಗಿ ಮೂರು ಕೋಟಿ ಡಾಲರುಗಳ ಮೊದಲ ಖರೀದಿಗೆ ಒಪ್ಪಿಗೆ ಕೊಟ್ಟಿತು. ಯಂತ್ರಗಳಿಗೂ ಶಾಲೆಗಳ ತಂತಿಜಾಲಕ್ಕೂ ಸೇರಿ ಇಡೀ ಯೋಜನೆಯ ಅಂದಾಜು 130 ಕೋಟಿ ಡಾಲರುಗಳನ್ನು ಮುಟ್ಟಿತ್ತು. ಆ್ಯಪಲ್ ಕಂಪನಿಯ ಯಂತ್ರ, ಅದರೊಳಗೆ ಪಿಯರ್ಸನ್ ಕಂಪನಿಯ ಪಾಠಗಳು. ಎಲ್ಲ ಸೇರಿ ಒಂದಕ್ಕೆ 768 ಡಾಲರು.

ಮುಂದೆ ನಡೆದುದು ಲೋಕಕ್ಕೆಲ್ಲ ನಗೆಪಾಟಲಾಯಿತು. ಯಂತ್ರಗಳು ಕೈಗೆ ಬಂದು ಹೆಚ್ಚು ದಿನ ಕಳೆಯುವ ಮುನ್ನವೇ ಮುನ್ನೂರರಷ್ಟು ಪ್ರೌಢಶಾಲಾ ವಿದ್ಯಾರ್ಥಿಗಳು ಮಂಡಲದವರು ಹಾಕಿದ್ದ ಬೇಲಿಯನ್ನು ದಾಟುವ ಉಪಾಯವನ್ನು ಕಂಡುಕೊಂಡರು. ಯಂತ್ರದಲ್ಲಿದ್ದ ತಮ್ಮ ಗುರುತಿನ ವಿವರವನ್ನು ಅಳಿಸಿಬಿಟ್ಟರೆ ಸಾಕು, ಹಾಡು ಆಟ ಹರಟೆಗಳೆಲ್ಲಕ್ಕೂ ದಾರಿ ತೆರೆಯುತ್ತಿತ್ತು. ಅಧಿಪತಿಗಳು ಗಾಬರಿಯಾಗಿ ಯಂತ್ರಗಳನ್ನು ಮನೆಗೆ ಕೊಂಡೊಯ್ಯುವುದನ್ನೇ ನಿಲ್ಲಿಸಿದರು. ನಮಗೆ ಈ ಹುಡುಗರ ಮೇಲೆ ಕೋಪ ಬರುವುದಿಲ್ಲ; ಬೀಗ ಕಂಡ ಹುಡುಗನ ಕೈ ಸುಮ್ಮನಿದ್ದುದನ್ನು ನಾವು ಯಾವ ಊರಿನಲ್ಲಿಯೂ ಕಂಡಿಲ್ಲ. ಇದನ್ನು ಮೊದಲೇ ಊಹಿಸಲಾರದ ಹಿರಿಯರನ್ನು ಕುರಿತು ಮಾತ್ರ ಆಶ್ಚರ್ಯವಾಗುತ್ತದೆ. ಆ ಬಳಿಕ ಇನ್ನೊಂದು ಕೊರತೆ ಹೊರಬಿದ್ದಿತು. ಹೊಸ ಪರೀಕ್ಷೆಗಳಲ್ಲಿ ಉತ್ತರಗಳನ್ನು ಬೆರಳಚ್ಚು ಮಾಡಬೇಕಾಗಿದ್ದುದರಿಂದ ದೊಡ್ಡ ಮಕ್ಕಳಿಗೆ ಕೀಲಿಮಣೆಗಳು ಬೇಕಾದವು. ಅವುಗಳ ಬೆಲೆ ಮೊದಲಿನ ಲೆಕ್ಕದಲ್ಲಿ ಸೇರಿರಲಿಲ್ಲ.

ಇವೆಲ್ಲ ತಮಾಷೆಯ ಸುದ್ದಿಗಳಾಗಿ ಪತ್ರಿಕೆಗಳಲ್ಲಿ ಮೆರೆದವು. ನಾವು ಮುಖ್ಯವೆಂದೆಣಿಸುವ ಸಂಗತಿ ಬೇರೆ. ಅದನ್ನು ಅಷ್ಟಾಗಿ ಯಾರೂ ಆಡಿಕೊಳ್ಳಲಿಲ್ಲ. ಕೊಳ್ಳುವ ಹೊತ್ತಿಗೆ ಪಿಯರ್ಸನ್ ಪಾಠಗಳು ಪೂರ್ತಿಯಾಗಿ ಸಿದ್ಧವಾಗಿರಲೇ ಇಲ್ಲ. ಪ್ರತಿ ತರಗತಿಗೂ ಮಾದರಿಯ ಕೆಲವು ಭಾಗಗಳು ಮಾತ್ರ ಇದ್ದವು. 2014ರಲ್ಲಿ ಮಂಡಲದವರೇ ಹೊರಗಿನ ಸಂಶೋಧನ ಸಂಸ್ಥೆಯೊಂದರಿಂದ ಪರಿಶೀಲನೆ ಮಾಡಿಸಿದರು. ಅವರು ಹೋಗಿ ಕುಳಿತು ನೋಡಿದ 245 ತರಗತಿಗಳಲ್ಲಿ ಆ ಪಾಠಗಳನ್ನು ಬಳಸುತ್ತಿದ್ದ ಉಪಾಧ್ಯಾಯರು ಒಬ್ಬರೇ ಒಬ್ಬರು! ಉಳಿದವರು ಮೈಗಳ್ಳರೆಂದು ವಾಚಕರು ಭಾವಿಸಬಾರದು. ಅರೆಬೆಂದ ಪಾಠವನ್ನು ನಂಬಿ ನಲವತ್ತು ಮಕ್ಕಳೆದುರು ನಿಲ್ಲುವುದೆಂದರೇನೆಂಬುದನ್ನು ನಿಂತವರೇ ಬಲ್ಲರು. ತನಗೆ ಗೊತ್ತಿದ್ದ ಹಳೆಯ ಪಾಠವನ್ನು ಗೊತ್ತಿದ್ದ ರೀತಿಯಲ್ಲಿ ಹೇಳಿಕೊಟ್ಟ ಉಪಾಧ್ಯಾಯನು ಆ ದಿನ ಮಕ್ಕಳಿಗೆ ನ್ಯಾಯವನ್ನೇ ಸಲ್ಲಿಸಿದನು. ವಿಷಯ ಸಿದ್ಧವಿಲ್ಲ; ಪ್ರಯೋಜನವನ್ನು ಯಾರೂ ಬಿಡಿಸಿ ಹೇಳಲಿಲ್ಲ; ಶಿಷ್ಯನಿಗೂ ಯಂತ್ರಕ್ಕೂ ನಡುವೆ ಸಂಬಂಧವನ್ನು ಕಟ್ಟಬೇಕಾದ ಗುರುವನ್ನು ಯಾರೂ ಕೇಳಲಿಲ್ಲ. ನಾಲ್ಕರಲ್ಲಿ ಸಿದ್ಧರಾಗಿದ್ದವರು ಅಧಿಕಾರಿಗಳು ಮಾತ್ರ, ಅವರೂ ಹೊಸ ಅರ್ಥದ ಅಧಿಕಾರಿಗಳು.

ಟೆಂಡರು ಕರೆಯುವುದಕ್ಕೆ ಮುಂಚೆಯೇ ಮಂಡಲದ ಮೇಲಿನವರಿಗೂ ಕಂಪನಿಗಳವರಿಗೂ ನಡೆದಿದ್ದ ಪತ್ರವ್ಯವಹಾರವು 2014ರ ಆಗಸ್ಟಿನಲ್ಲಿ ಬೆಳಕಿಗೆ ಬಂದಿತು. ಕೂಡಲೇ ಒಪ್ಪಂದವನ್ನು ನಿಲ್ಲಿಸಲಾಯಿತು. ಅಕ್ಟೋಬರಿನಲ್ಲಿ ಡೇಸಿಯವರು ರಾಜೀನಾಮೆ ಕೊಟ್ಟರು. ಡಿಸೆಂಬರಿನಲ್ಲಿ ಕೇಂದ್ರದ ತನಿಖಾದಳದವರು ಕಡತಗಳನ್ನು ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಹೋದರು. ಕಡೆಗೆ 2017ರಲ್ಲಿ, ಯಾರ ಮೇಲೂ ಆರೋಪ ಹೊರಿಸದೆ ಆ ವಿಚಾರಣೆ ಮುಗಿಯಿತೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಪಾಠಗಳು ಪ್ರಯೋಜನಕ್ಕೆ ಬರಲಿಲ್ಲವೆಂದು ಮಂಡಲವು ತಗಾದೆ ಹೂಡಿ, 2015ರಲ್ಲಿ ಸರಬರಾಜು ಮಾಡಿದ ಕಂಪನಿಗಳಿಂದ ರಾಜಿಯಲ್ಲಿ 64 ಲಕ್ಷ ಡಾಲರುಗಳಷ್ಟನ್ನು ಹಿಂದಕ್ಕೆ ಪಡೆಯಿತು.

ಗೃಹಸ್ಥರ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕಬೇಕಾದುದು ಈ ಹಣದ ಮೂಲ. ಶಾಲಾಕಟ್ಟಡಗಳಿಗಾಗಿ ಜನರು ಮತ ಕೊಟ್ಟು ಒಪ್ಪಿದ್ದ ಸಾಲಪತ್ರಗಳ ಹಣದಿಂದ ಇವನ್ನು ಕೊಂಡರು. ಅಂಥ ಸಾಲವನ್ನು ಇಪ್ಪತ್ತು ಇಪ್ಪತ್ತೈದು ವರ್ಷ ಕಂತುಕಂತಾಗಿ ತೀರಿಸಬೇಕು; ಯಂತ್ರದ ಆಯುಸ್ಸಾದರೋ ಮೂರು ನಾಲ್ಕು ವರ್ಷ. ಮನೆ ಕಟ್ಟುವುದಕ್ಕೆಂದು ತಂದ ಸಾಲದಲ್ಲಿ ಮಗನಿಗೆ ಕೊಡೆ ಕೊಡಿಸಿ, ಆ ಕೊಡೆಯ ಕಂತನ್ನು ಮೊಮ್ಮಗನು ತೆರುವಂತಾದರೆ ಯಜಮಾನನನ್ನು ನಾವು ಏನೆನ್ನುವೆವು?

ಎಲ್ಲ ಮಂಡಲಗಳ ಕಥೆಯೂ ಹೀಗೆಯೇ ಎಂದರೆ ಅನ್ಯಾಯವಾದೀತು. ಉತ್ತರ ಕ್ಯಾರೊಲಿನ ರಾಜ್ಯದಲ್ಲಿ ಮೂರ್ಸ್‌ವಿಲ್ ಎಂಬ ಸಣ್ಣ ಊರಿದೆ. 2007ರಲ್ಲಿ ಅಲ್ಲಿಗೆ ಸೂಪರಿಂಟೆಂಡೆಂಟರಾಗಿ ಬಂದ ಮಾರ್ಕ್ ಎಡ್ವರ್ಡ್ಸ್ ಎಂಬವರು ಲ್ಯಾಪ್‌ಟಾಪುಗಳನ್ನು ಮೊದಲು ಉಪಾಧ್ಯಾಯರ ಕೈಗೆ ಕೊಟ್ಟರು. ಅವರು ಅದನ್ನು ಮನೆಗೊಯ್ದು, ತಿರುವಿ ಮುರುವಿ ನೋಡಿ, ಪಾಠಗಳನ್ನು ಹೆಣೆದುಕೊಂಡ ಮೇಲೆ ಮಕ್ಕಳ ಸರದಿ ಬಂದಿತು. 2012ರ ಹೊತ್ತಿಗೆ ನಾಲ್ಕನೆಯ ತರಗತಿಯಿಂದ ಮೇಲಿನ ಸುಮಾರು 4,400 ವಿದ್ಯಾರ್ಥಿಗಳ ಬಳಿ ಲ್ಯಾಪ್‌ಟಾಪುಗಳಿದ್ದವು. ಪ್ರೌಢಶಾಲೆಯನ್ನು ಮುಗಿಸಿ ಹೊರಬರುವವರ ಪ್ರಮಾಣವು 2008ರಲ್ಲಿ ನೂರಕ್ಕೆ 80 ಇದ್ದುದು 2011ರಲ್ಲಿ 91ಕ್ಕೆ ಏರಿತ್ತು. ವಿದ್ಯಾರ್ಥಿಯೊಬ್ಬನಿಗೆ ಮಾಡುವ ವೆಚ್ಚದಲ್ಲಿ ರಾಜ್ಯದ 115 ಮಂಡಲಗಳ ಪೈಕಿ ನೂರನೆಯದಾಗಿದ್ದ ಆ ಮಂಡಲವು ಪರೀಕ್ಷಾಫಲದಲ್ಲಿ ಮೂರನೆಯದಾಗಿ ನಿಂತಿತು. 2013ರಲ್ಲಿ ಎಡ್ವರ್ಡ್ಸರನ್ನು ರಾಷ್ಟ್ರದ ವರ್ಷದ ಸೂಪರಿಂಟೆಂಡೆಂಟರೆಂದು ಗೌರವಿಸಿದರು.

ಆದರೆ ಇಲ್ಲಿಯೂ ನಮಗೊಂದು ಮುಳ್ಳು ತಗುಲುತ್ತದೆ. ಆ ವರ್ಷಗಳಲ್ಲಿಯೇ ಮಂಡಲವು 65 ಹುದ್ದೆಗಳನ್ನು ತೆಗೆದುಹಾಕಿತ್ತು. ಅವುಗಳಲ್ಲಿ 37 ಉಪಾಧ್ಯಾಯರವು. ಕೆಲವು ತರಗತಿಗಳಲ್ಲಿ 18 ಮಕ್ಕಳಿದ್ದ ಕಡೆ 30 ಮಕ್ಕಳಾದರು. ಯಂತ್ರವಿರುವುದರಿಂದ ನಡೆಯುತ್ತದೆ ಎಂದು ಸಮಾಧಾನ ಹೇಳಿದರು. ನಡೆದೀತು, ಆದರೆ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತ ಹುಡುಗಿಗೆ ಈ ದಿನ ಏನೋ ದುಃಖವಾಗಿದೆ ಎಂಬುದನ್ನು 18ರಲ್ಲಿ ಗುರುತಿಸುವಷ್ಟು ಬೇಗ 30ರಲ್ಲಿ ಗುರುತಿಸಲಾಗುವುದಿಲ್ಲವೆಂದು ನಮ್ಮ ಅನುಭವ.

ಎಡ್ವರ್ಡ್ಸರು ಇದಕ್ಕೆ ಮುಂಚೆ ವರ್ಜೀನಿಯದ ಹೆನ್ರೈಕೊ ಮಂಡಲದಲ್ಲಿದ್ದರು; 2001ರಲ್ಲಿ ಅಲ್ಲಿ ಲ್ಯಾಪ್‌ಟಾಪುಗಳನ್ನು ಹಂಚಿಸಿದವರೂ ಅವರೇ. ಅವರು ಅಲ್ಲಿಂದ ಹೊರಟ ಮೇಲೆ, 2005ರ ಆಗಸ್ಟಿನಲ್ಲಿ, ಹಳೆಯದಾದ ಒಂದು ಸಾವಿರ ಯಂತ್ರಗಳನ್ನು ತಲಾ 50 ಡಾಲರಿಗೆ ಮಾರಲು ಸಾರಿದರು. ಸಾವಿರಾರು ಮಂದಿ ನುಗ್ಗಿದರು, ಕಾಲ್ತುಳಿತವಾಯಿತು, 17 ಜನರಿಗೆ ಪೆಟ್ಟು ಬಿದ್ದಿತು. ಯಂತ್ರವನ್ನು ತರುವ ದಿನದ ಸಂಭ್ರಮಕ್ಕೆ ಸಭೆ ಸೇರಿಸುವವರು ಅದನ್ನು ಕಳುಹಿಸುವ ದಿನವನ್ನು ಕುರಿತು ಚಿಂತಿಸುವುದು ಕಡಮೆ. ಈಚಿನ ಕ್ರೋಮ್‌ಬುಕ್ಕುಗಳಲ್ಲಿ ಇದು ಇನ್ನೂ ವಿಚಿತ್ರ. ಯಂತ್ರದ ಮೈ ಗಟ್ಟಿಯಾಗಿದ್ದರೂ ಗೂಗಲ್ ಕಂಪನಿಯು ಗೊತ್ತುಮಾಡಿದ ದಿನ ಬಂದಿತೆಂದರೆ ಅದಕ್ಕೆ ಹೊಸ ರಕ್ಷಣೆ ದೊರೆಯುವುದಿಲ್ಲ. ಕೊರೋನದ ಕಾಲದಲ್ಲಿ ಕೇಂದ್ರಸರ್ಕಾರವು ಶಾಲೆಗಳಿಗೆ ಕೊಟ್ಟ ಸುಮಾರು 19,000 ಕೋಟಿ ಡಾಲರುಗಳ ನೆರವಿನಿಂದ ಮಂಡಲಗಳು ಅಂಥವುಗಳನ್ನು ರಾಶಿರಾಶಿಯಾಗಿ ಕೊಂಡಿದ್ದವು. ಆಕ್ಷೇಪಣೆಗಳು ಹೆಚ್ಚಿದ ಮೇಲೆ 2023ರಲ್ಲಿ ಗೂಗಲ್ ಆ ಅವಧಿಯನ್ನು ಹತ್ತು ವರ್ಷಗಳಿಗೆ ಏರಿಸಿತು. ಒಂದು ವರ್ಷದ ಬಳಿಕ, 2024ರ ಸೆಪ್ಟೆಂಬರಿನೊಂದಿಗೆ, ಹೊಸ ಖರ್ಚಿಗೆ ಆ ನೆರವಿನ ಗಡುವು ಮುಗಿಯಿತು.

ಉಪಾಧ್ಯಾಯನಿಂದ ಆರಂಭಿಸುವ ಕ್ರಮವು ನಮ್ಮ ನಾಡಿಗೆ ಹೊಸತೇನೂ ಅಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದವರು ಎರವಲು ಕೊಟ್ಟ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಬರುತ್ತಿದ್ದವು. ನಮ್ಮಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಬೆಳಗ್ಗೆ ಮಕ್ಕಳಿಗೆ, ಸಂಜೆ ಊರಿನವರಿಗೆ. ಶಾಲೆಗೆ ರಜವಿದ್ದಾಗ ಅದೇ ಪೆಟ್ಟಿಗೆಯ ಮುಂದೆ ಉಪಾಧ್ಯಾಯರನ್ನು ಕೂರಿಸಿ ವಿಜ್ಞಾನವನ್ನು ಕಲಿಸುವ ಬಗೆಯನ್ನು ಹೇಳಿಕೊಟ್ಟರು. ಎರಡು ಸರದಿಗಳಲ್ಲಿ ಸುಮಾರು 48,000 ಮಂದಿ ಪ್ರಾಥಮಿಕ ಶಾಲಾ ಉಪಾಧ್ಯಾಯರು ಹೀಗೆ ತರಬೇತಿ ಹೊಂದಿದರು. ಮರುವರ್ಷ ಉಪಗ್ರಹವನ್ನು ಅದರ ಒಡೆಯರು ಹಿಂದಕ್ಕೆ ಕರೆಸಿಕೊಂಡರು. ಆ ಉಪಾಧ್ಯಾಯರು ಮಾತ್ರ ತಮ್ಮ ಶಾಲೆಗಳಲ್ಲಿಯೇ ಉಳಿದರು.

ಇನ್ನೊಂದು ವಿಷಯವನ್ನು ಹೇಳಿ ಮುಗಿಸುವೆವು. ಮೇಜಿನ ಮೇಲೆ ಕಾಣುವ ಯಂತ್ರಕ್ಕಿಂತ ಕಾಣದೆ ಇರುವ ದಫ್ತರದ ಯಂತ್ರವು ಮನೆಯವರಿಗೆ ಹೆಚ್ಚು ಹತ್ತಿರದ್ದು. ಹಿಂದೆ ಶಾಲೆಯ ದಾಖಲೆಪುಸ್ತಕ ಹೆಡ್‌ಮಾಸ್ತರರ ಬೀರುವಿನಲ್ಲಿರುತ್ತಿತ್ತು. ಇಲಿ ಕಡಿದರೆ ಒಂದು ಶಾಲೆಯ ಹೆಸರುಗಳು ಹೋಗುತ್ತಿದ್ದವು. ಈಗ ಅಮೆರಿಕ ಕೆನಡಗಳ ಸಾವಿರಾರು ಮಂಡಲಗಳು ಮಕ್ಕಳ ಹೆಸರು, ವಿಳಾಸ, ಹುಟ್ಟಿದ ದಿನ, ಕಾಯಿಲೆಯ ವಿವರಗಳನ್ನು ಪವರ್‌ಸ್ಕೂಲ್ ಎಂಬ ಒಂದೇ ಕಂಪನಿಯ ದಫ್ತರದಲ್ಲಿ ಇಟ್ಟಿವೆ. 2024ರ ಡಿಸೆಂಬರಿನಲ್ಲಿ, ಕದ್ದ ಒಂದು ಗುಪ್ತಪದದ ಬಲದಿಂದ ಅದರೊಳಕ್ಕೆ ಕಳ್ಳರು ಹೊಕ್ಕು ಕೋಟಿಗಟ್ಟಲೆ ಮಕ್ಕಳ ವಿವರಗಳನ್ನು ಒಯ್ದರು. ಹೊರಗೆಡಹದಿರಲೆಂದು ಕಂಪನಿಯವರು ಹಣವನ್ನೂ ಕೊಟ್ಟರು. 2025ರ ಮೇ ತಿಂಗಳಿನಲ್ಲಿ ಕೆಲವು ಮಂಡಲಗಳಿಗೆ ಮತ್ತೆ ಹಣ ಕೇಳುವ ಬೆದರಿಕೆಗಳು ಬಂದವು. ಅಮೆರಿಕದಲ್ಲಿ 19 ವರ್ಷದ ಕಾಲೇಜು ವಿದ್ಯಾರ್ಥಿಯೊಬ್ಬನು ಅಪರಾಧವನ್ನು ಒಪ್ಪಿಕೊಂಡನು.

ಬೆದರಿಕೆ ಬಂದವುಗಳಲ್ಲಿ ಕೆನಡದ ಟೊರಾಂಟೊ ಮಂಡಲವೂ ಒಂದು. ಅಲ್ಲಿ ಕಳುವಾದ ದಾಖಲೆಗಳು 1985ರವರೆಗೂ ಹಿಂದಕ್ಕೆ ಹೋಗುತ್ತವೆ. ಆಗ ಆರು ವರ್ಷದ ಮಗುವಾಗಿ ಶಾಲೆಗೆ ಸೇರಿದವರಿಗೆ ಈಗ ನಲವತ್ತೈದು ದಾಟಿದೆ. ಅವರಲ್ಲಿ ಎಷ್ಟೋ ಮಂದಿಯ ಮಕ್ಕಳೂ ಅದೇ ಮಂಡಲದ ಶಾಲೆಗಳಲ್ಲಿ ಓದುತ್ತಿರಬಹುದು. ತಂದೆಯ ದಾಖಲೆಯನ್ನು ಮಗನ ಕಾಲದವರೆಗೆ ಯಾವ ಪ್ರಯೋಜನಕ್ಕಾಗಿ ಇಟ್ಟುಕೊಂಡಿದ್ದಿರಿ, ಎಂದು ಅಳಿಸುವಿರಿ ಎಂದು ಅಲ್ಲಿಯ ಹೆತ್ತವರು ಈಗ ತಮ್ಮ ಮಂಡಲದವರನ್ನು ಕೇಳತಕ್ಕದ್ದಾಗಿದೆ. ಕಂಪನಿಯೊಡನೆ ಕರಾರಿಗೆ ಸಹಿ ಬೀಳುವ ಮೊದಲೇ ಬೋರ್ಡಿನ ಸಭೆಯಲ್ಲಿ ಯಾರಾದರೂ ಇದನ್ನು ಕೇಳಿದ್ದರೆ ಉತ್ತರವು ಕರಾರಿನೊಳಗೇ ಇರುತ್ತಿತ್ತು.