ಪಡಸಾಲೆಯ ಶಕುಂತಲೆ

ರಾಜಾ ರವಿವರ್ಮರ ತೈಲಚಿತ್ರಗಳನ್ನು ಕಲ್ಲಚ್ಚಿನಲ್ಲಿ ಬಣ್ಣಬಣ್ಣವಾಗಿ ಮುದ್ರಿಸಿದ ಹಾಳೆಗಳಿಗೆ ಸಂಗ್ರಾಹಕರು ಓಲಿಯೋಗ್ರಾಫ್ ಎನ್ನುತ್ತಾರೆ. ಬೆಳಗಾವಿ ಸೀಮೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೆಲ್ಲ ‘ಫೋಟೋ’. ಜಗಲಿಯ ಮೇಲಿನ ಲಕ್ಷ್ಮಿಯೂ ಫೋಟೋ, ಪಡಸಾಲೆಯ ಶಕುಂತಲೆಯೂ ಫೋಟೋ. ಹಳೆಯ ಮನೆ ಕೆಡವುವಾಗ ಗುಜರಿಗೆ ಹೋಗುವ ಇಂಥ ಹಾಳೆಗಳಲ್ಲಿ ನೂರು ವರ್ಷ ದಾಟಿದವೂ ಇರಬಹುದು.

ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದರು. ಯಂತ್ರಗಳ ಜೊತೆ ಜರ್ಮನಿಯಿಂದ ಕುಶಲಕರ್ಮಿಗಳೂ ಬಂದರು. ಅಲ್ಲಿಂದ ಹೊರಬಿದ್ದ ಮೊದಲ ಚಿತ್ರ ಶಕುಂತಲೆಯ ಜನನ ಎನ್ನುತ್ತಾರೆ. ಪ್ಲೇಗಿನ ಕಾಲದಲ್ಲಿ ಕೆಲಸ ಲೋಣಾವಳದ ಬಳಿಯ ಮಳವಲಿಗೆ ಹೋಯಿತು. ಸಾಲ ಏರಿ, ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಮುದ್ರಣಾಲಯ ಜರ್ಮನ್ ಕುಶಲಕರ್ಮಿ ಫ್ರಿಟ್ಜ್ ಶ್ಲೈಷರ್ ಅವರ ಕೈಸೇರಿತು. 1906ರಲ್ಲಿ ರವಿವರ್ಮರು ತೀರಿಕೊಂಡ ಮೇಲೂ ಚಿತ್ರಗಳು ಅಚ್ಚಾಗುತ್ತಲೇ ಇದ್ದವು.

ಬೆಳಗಾವಿ ಸೀಮೆ ಆಗ ಮುಂಬಯಿ ಪ್ರಾಂತದಲ್ಲಿತ್ತು, ರಾಮದುರ್ಗ ಪ್ರತ್ಯೇಕ ಸಂಸ್ಥಾನ. ಪುಣೆ–ಬೆಳಗಾವಿ ರೈಲು ದಾರಿಯೂ ತೆರೆದಿತ್ತು, ಹಾಳೆಗಳು ಇತ್ತ ಬರಲು ದಾರಿಯಿತ್ತು. ಈ ನೆಲಕ್ಕೆ ಶಕುಂತಲೆ ಹೊಸಬಳಲ್ಲ. ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ 1843ರಲ್ಲಿ ಹುಟ್ಟಿದ್ದು ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. ಅವರ ‘ಸಂಗೀತ ಶಾಕುಂತಲ’ 1880ರಲ್ಲಿ ಪುಣೆಯ ರಂಗವೇರಿತು. ಕಾಳಿದಾಸನ ನಾಯಕಿ ಇಲ್ಲಿಯವರಿಗೆ ರಂಗದ ಹಾಡಿನಲ್ಲೂ ಗೋಡೆಯ ಚಿತ್ರದಲ್ಲೂ ಹೆಚ್ಚುಕಡಿಮೆ ಒಂದೇ ತಲೆಮಾರಿನಲ್ಲಿ ಸಿಕ್ಕಳು.

ಕಲ್ಲಚ್ಚು ನಿಂತಿರುವುದು ಎಣ್ಣೆಗೂ ನೀರಿಗೂ ಇರುವ ವೈರದ ಮೇಲೆ. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು ಕಲ್ಲನ್ನು ಒದ್ದೆ ಮಾಡಿದರೆ, ಶಾಯಿ ಜಿಡ್ಡಿರುವ ಕಡೆ ಮಾತ್ರ ಹಿಡಿಯುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಅದೇ ಹಾಳೆಯನ್ನು ಕಲ್ಲಿನಿಂದ ಕಲ್ಲಿಗೆ ಕೂದಲೆಳೆಯಷ್ಟೂ ಸರಿಯದಂತೆ ಒತ್ತಬೇಕು. ಶಕುಂತಲೆಯ ಕೆನ್ನೆಯ ನಸುಗೆಂಪು ಹೀಗೆ ಹಲವು ಕಲ್ಲುಗಳ ಕೂಡು ಕೆಲಸ. ಕೊನೆಗೆ ಮೆರುಗೆಣ್ಣೆ ಬಳಿದರೆ ತೈಲಚಿತ್ರದ ಹೊಳಪು ಬರುತ್ತಿತ್ತು. ಕೊಂಡವರು ಇಷ್ಟಕ್ಕೇ ಬಿಡದೆ ದೇವಿಯ ಸೀರೆಗೆ ಜರಿ, ಬಟ್ಟೆ, ಮಣಿ ಅಂಟಿಸಿದ್ದೂ ಉಂಟು.

ಪಶ್ಚಿಮದಲ್ಲಿ ಹೀಗೆ ಸಾಹಿತ್ಯ ಕೃತಿಗಳಿಗೆ ಬರೆದ ಚಿತ್ರಗಳ ಮುದ್ರಣ ಸಂಗ್ರಹಿಸುವವರು ಮೊದಲು ನೋಡುವುದು ಹಾಳೆಯ ಮೂಲೆಯಲ್ಲಿ ಬರೆದ ಸಂಖ್ಯೆಯನ್ನು: ಇಷ್ಟು ಪ್ರತಿಗಳಲ್ಲಿ ಇದು ಎಷ್ಟನೆಯದು ಎಂಬ ಲೆಕ್ಕ. ಸರ್ರಿಯಲಿಸ್ಟ್ ಕಲಾವಿದ ಸಾಲ್ವಡಾರ್ ಡಾಲಿ ಕವಿ ದಾಂತೆಯ ‘ಡಿವೈನ್ ಕಾಮಿಡಿ’ ಕಾವ್ಯಕ್ಕೆ ಬರೆದ 100 ಜಲವರ್ಣಗಳನ್ನು ಮುದ್ರಿಸಲು ಫ್ರಾನ್ಸಿನ ಕುಶಲಕರ್ಮಿಗಳು ಸುಮಾರು 3,500 ಮರದ ಅಚ್ಚುಗಳನ್ನು ಕೊರೆದರು. ಪ್ರತಿಗಳಿಗೆ ಮಿತಿ ಇತ್ತು. ಆದರೆ ಡಾಲಿ ಮುಂದೆ ಖಾಲಿ ಹಾಳೆಗಳಿಗೇ ರುಜು ಹಾಕಿಕೊಟ್ಟಿದ್ದರಿಂದ ಅವರ ಹೆಸರಿನ ನಕಲಿಗಳು ಪೇಟೆ ತುಂಬಿದವು. ಸಂಖ್ಯೆ, ರುಜು ಇದ್ದಮಾತ್ರಕ್ಕೆ ಹಾಳೆ ಅಸಲಿಯಾಗದು.

ರವಿವರ್ಮರ ಹಾಳೆಗಳಿಗೆ ಅಂಥ ಮಿತಿಯೇ ಇರಲಿಲ್ಲ. ಮನೆಮನೆಗೂ ಮುಟ್ಟಲೆಂದೇ ಅವು ಅಚ್ಚಾದವು. ಅವನ್ನು ಅಪರೂಪವಾಗಿಸಿದ್ದು ಗೆದ್ದಲು, ಸೋರುವ ಮಾಳಿಗೆ, ಒಲೆಯ ಹೊಗೆ. ಮುದ್ರಣಾಲಯದಲ್ಲಿ ಉಳಿದಿದ್ದ ಬಹಳಷ್ಟು ಮುದ್ರಣಗಳು 1972ರ ಬೆಂಕಿಗೆ ಆಹುತಿಯಾದವು.

ಪ್ರತಿಯ ಸಂಖ್ಯೆ ಇಲ್ಲದ್ದರಿಂದ ಇಲ್ಲಿ ಹಾಳೆಯನ್ನೇ ಓದಬೇಕು. ಕೆಳಅಂಚಿನಲ್ಲಿ ಚಿತ್ರದ ಹೆಸರು, ಮುದ್ರಣಾಲಯದ ಹೆಸರು, ಊರು ಇರುತ್ತವೆ. ಮುಂಬಯಿ ಎಂದಿದ್ದರೆ ಸಾಮಾನ್ಯವಾಗಿ ಮೊದಲ ವರ್ಷಗಳದ್ದು, ಮಳವಲಿ ಅಥವಾ ಲೋಣಾವಳ ಎಂದಿದ್ದರೆ ನಂತರದ್ದು. ದುಃಖದ ಸಂಗತಿಯೆಂದರೆ, ಚೌಕಟ್ಟಿಗೆ ಹೊಂದಿಸಲು ಕಟ್ಟು ಹಾಕುವವರು ಕತ್ತರಿಸಿದ್ದು ಬಹುಪಾಲು ಇದೇ ಅಂಚನ್ನು. ಆಗ ಉಳಿಯುವ ಸಾಕ್ಷಿ ಬಣ್ಣದ ಕಣ. ಭೂತಗನ್ನಡಿಯಲ್ಲಿ ಕಲ್ಲಚ್ಚಿನ ಚುಕ್ಕೆಗಳು ಕೈಯಿಂದ ಇಟ್ಟಂತೆ ಚಿಕ್ಕವು, ದೊಡ್ಡವು ಬೆರೆತು ಕಾಣುತ್ತವೆ. ಈಚಿನ ಆಫ್‌ಸೆಟ್ ಮುದ್ರಣದ ಚುಕ್ಕೆಗಳು ಸಾಲುಸಾಲಾಗಿ ನಿಂತಿರುತ್ತವೆ.

ಮನೆಯಲ್ಲಿ ಇಂಥದ್ದೊಂದು ಸಿಕ್ಕರೆ ಹಸಿ ಗೋಡೆಯಿಂದಲೂ ನೇರ ಬಿಸಿಲಿನಿಂದಲೂ ದೂರವಿಡಬೇಕು. ಗಾಜು ಚಿತ್ರಕ್ಕೆ ತಾಗಬಾರದು, ಹಿಂದಿನ ಹಳೆಯ ರಟ್ಟಿನ ಬದಲು ಆಮ್ಲವಿಲ್ಲದ ರಟ್ಟು ಹಾಕಿಸಬೇಕು. ಒದ್ದೆ ಬಟ್ಟೆಯಿಂದ ಒರೆಸಿದರೆ ಮೆರುಗು ಕೆಡಬಹುದು. ಅಂಟಿಸಿದ ಜರಿಯನ್ನು ಕೀಳಬಾರದು. ಹಾಳೆಗೆ ಇಳಿದ ಕುಂಕುಮದ ಕಲೆಯನ್ನೂ ಉಜ್ಜದೆ ಬಿಡುವುದು ಲೇಸು, ಆ ಚಿತ್ರ ಪೂಜೆಗೆ ಸಂದಿತ್ತು ಎನ್ನಲು ಅದೇ ಗುರುತು.