ನಿಮಗಿದು ಗೊತ್ತೇ? ಹಾಲು ಕುಡಿದ ಮೇಲೂ ಮುಲುಗುವ ಕೂಸು

ರಾತ್ರಿ ಮೂರು ಗಂಟೆ. ಹಾಲು ಕುಡಿದಾಯಿತು, ತೇಗು ಬಂತು, ಕಣ್ಣೂ ಮುಚ್ಚಿತು. ತೊಟ್ಟಿಲಿಗೆ ಹಾಕಿ ನೀವು ದಿಂಬಿಗೆ ತಲೆ ಕೊಟ್ಟಿರೋ ಇಲ್ಲವೋ, ಶುರು: ಮುಲುಗಾಟ, ತಿಣುಕಾಟ, ಕೈಕಾಲು ಒಗೆದಾಟ. ಈ ಸಲದ ಸಂಗತಿಗಳೆಲ್ಲ ಆ ಒಂದು ಗಂಟೆಯ ಸುತ್ತಲಿನವು.

● ಮುಲುಗುವ ಕೂಸು ಬಹಳ ಸಲ ಎದ್ದಿರುವುದೇ ಇಲ್ಲ. ಎಳೆಗೂಸಿನ ನಿದ್ದೆಯಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ‘ಚುರುಕು ನಿದ್ದೆ’. ಆಗ ರೆಪ್ಪೆಯ ಕೆಳಗೆ ಕಣ್ಣು ಓಡಾಡುತ್ತದೆ, ತುಟಿ ಚೀಪುತ್ತದೆ, ಮುಖ ಕಿವುಚುತ್ತದೆ, ಗಂಟಲಿನಿಂದ ಏನೇನೋ ಸದ್ದು ಬರುತ್ತದೆ. ದೊಡ್ಡವರಲ್ಲಿ ಇಂಥ ನಿದ್ದೆ ಕಾಲು ಭಾಗ ಇದ್ದರೆ ಹೆಚ್ಚು. ಇನ್ನೂ ಒಂದು ವ್ಯತ್ಯಾಸವಿದೆ. ನಾವು ಮೊದಲು ಗಾಢ ನಿದ್ದೆಗೆ ಇಳಿದು ಆಮೇಲೆ ಕನಸಿನ ನಿದ್ದೆಗೆ ಬರುತ್ತೇವೆ; ಹಸುಗೂಸು ಚುರುಕು ನಿದ್ದೆಯಿಂದಲೇ ಆರಂಭಿಸುತ್ತದೆ. ಅದಕ್ಕೇ ತೊಟ್ಟಿಲಿಗೆ ಹಾಕಿದ ಮೊದಮೊದಲ ನಿಮಿಷಗಳಲ್ಲೇ ಗದ್ದಲ ಜಾಸ್ತಿ. ನನ್ನ ಮೊದಲ ಮಗ ‘ಊಂ’ ಎಂದಾಗಲೆಲ್ಲ ಎತ್ತಿಕೊಂಡು, ಮಲಗಿದ್ದವನನ್ನು ನಾನೇ ಎಬ್ಬಿಸುತ್ತಿದ್ದೆ ಎಂದು ತಿಳಿಯುವಷ್ಟರಲ್ಲಿ ಅವನಿಗೆ ನಾಲ್ಕು ತಿಂಗಳಾಗಿತ್ತು. ಹುಬ್ಬಳ್ಳಿಯ ನಮ್ಮ ಅತ್ತೆ ಮಾತ್ರ ಮೊದಲ ವಾರದಿಂದಲೂ ಹೇಳುತ್ತಲೇ ಇದ್ದರು: ‘ಸುಮ್ನಿರವಾ, ಕೂಸು ನಿದ್ದ್ಯಾಗ ಐತಿ.’

● ಈ ಕಣ್ಣೋಡಾಟದ ನಿದ್ದೆಯ ಶೋಧಕ್ಕೂ ಎಳೆಗೂಸುಗಳೇ ಕಾರಣ. ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮಲಗಿದ ಮಕ್ಕಳ ರೆಪ್ಪೆಗಳನ್ನು ಗಂಟೆಗಟ್ಟಲೆ ನೋಡುತ್ತಾ ಕೂತವರು. ಆಮೇಲೆ ತಮ್ಮ ಮಗ ಆರ್ಮಂಡನ ತಲೆಗೇ ತಂತಿ ಅಂಟಿಸಿ ಪರೀಕ್ಷಿಸಿದರು. ಗುರು ನಥಾನಿಯಲ್ ಕ್ಲೈಟ್‌ಮನ್ ಜೊತೆ ಅವರು ಬರೆದ ಲೇಖನ 1953ರಲ್ಲಿ ಅಚ್ಚಾಯಿತು.

● ಹಸುಗೂಸಿನ ಒಂದು ನಿದ್ದೆಯ ಸುತ್ತು ಸುಮಾರು 50 ನಿಮಿಷ, ನಮ್ಮದು 90. ಪ್ರತಿ ಸುತ್ತಿನ ಕೊನೆಗೆ ಅರೆಎಚ್ಚರ ಸಹಜ.

● ಹಾಲು ಹೊಟ್ಟೆಗಿಳಿದ ಕೂಡಲೇ ದೊಡ್ಡ ಕರುಳು ಅಲುಗಾಡತೊಡಗುತ್ತದೆ. ದೊಡ್ಡವರಿಗೆ ಬೆಳಗಿನ ಕಾಫಿ ಮಾಡುವ ಕೆಲಸವೇ ಅದು. ಆದರೆ ಮಲ ಹೊರಹೋಗಲು ಹೊಟ್ಟೆ ಬಿಗಿ ಹಿಡಿಯಬೇಕು, ಕೆಳಗಿನ ಸ್ನಾಯು ಸಡಿಲ ಬಿಡಬೇಕು, ಎರಡೂ ಒಟ್ಟಿಗೆ ಆಗಬೇಕು. ಈ ಹೊಂದಾಣಿಕೆ ಕೂಸಿಗಿನ್ನೂ ಬಂದಿರುವುದಿಲ್ಲ. ಹಾಗಾಗಿ ಹತ್ತಿಪ್ಪತ್ತು ನಿಮಿಷ ಮುಖ ಕೆಂಪಗೆ ಮಾಡಿ ತಿಣುಕಿ, ಚೀರಿ, ಕೊನೆಗೆ ತೆಳ್ಳಗಿನ ಮಲ ಮಾಡಿ ನಿರಾಳವಾಗುತ್ತದೆ. ಮಲ ಮೆತ್ತಗಿದ್ದರೆ ಅದು ಮಲಬದ್ಧತೆಯಲ್ಲ. ಕೆಲವು ವಾರಗಳಲ್ಲಿ ತಾನಾಗಿಯೇ ಕಲಿತುಕೊಳ್ಳುತ್ತದೆ. ವೀಳ್ಯದೆಲೆಯ ತೊಟ್ಟು, ಸೋಪಿನ ಚೂರು ಹಾಕಿ ದಾರಿ ತೋರಿಸುವವರು ಕಲಿಕೆಯನ್ನು ಮುಂದೂಡುತ್ತಾರೆ, ಅಷ್ಟೇ.

● ಗೊರಗೊರ ಸದ್ದು ಎದೆಯ ಕಫವೇ ಆಗಬೇಕಿಲ್ಲ. ಎಳೆಗೂಸುಗಳು ಮುಖ್ಯವಾಗಿ ಮೂಗಿನಿಂದಲೇ ಉಸಿರಾಡುತ್ತವೆ, ಮೂಗಿನ ದಾರಿ ತೀರಾ ಕಿರಿದು. ಒಂದು ಹನಿ ಹಾಲು ಹಿಂದಕ್ಕೆ ಬಂದು ಅಲ್ಲಿ ನಿಂತರೂ ಗೊರಕೆ ಕೇಳುತ್ತದೆ.

● ಉಸಿರು ಐದರಿಂದ ಹತ್ತು ಸೆಕೆಂಡು ನಿಂತು, ಆಮೇಲೆ ಬೇಗಬೇಗ ಬರುವುದು ಮೊದಲ ತಿಂಗಳುಗಳಲ್ಲಿ ಸಾಮಾನ್ಯ. ಕತ್ತಲಲ್ಲಿ ಮೂಗಿನ ಬಳಿ ಬೆರಳು ಹಿಡಿದು ನೋಡದ ತಾಯಿ ಇದ್ದಾಳೆಯೇ? ಆದರೆ 20 ಸೆಕೆಂಡು ದಾಟಿದರೆ, ತುಟಿ ನೀಲಿಯಾದರೆ, ಉಸಿರಿಗೊಮ್ಮೆ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ ಬೆಳಗಾಗುವವರೆಗೆ ಕಾಯಬಾರದು. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೂ, ಹಸಿರು ಬಣ್ಣದ ವಾಂತಿಯಾದರೂ ಅಷ್ಟೇ: ನೇರ ಆಸ್ಪತ್ರೆಗೆ.

● ತೋಳಲ್ಲಿ ಗಾಢ ನಿದ್ದೆ, ತೊಟ್ಟಿಲಲ್ಲಿ ಫಕ್ಕನೆ ಎಚ್ಚರ. ಇದನ್ನು ಜಪಾನಿನ ರಿಕೆನ್ ಸಂಸ್ಥೆಯ ಕುಮಿ ಕುರೋಡಾ ಮತ್ತು ಜೊತೆಗಾರರು ಮಕ್ಕಳ ಹೃದಯಬಡಿತ ಅಳೆಯುತ್ತಾ ಪರೀಕ್ಷಿಸಿದರು. 2022ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿದ್ದದ್ದು 21 ಕೂಸುಗಳು. ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ಒಂದೇ ಸಮನೆ ನಡೆದರೆ ಅಳು ನಿಲ್ಲುತ್ತದೆ, ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಮಲಗಿಯೂ ಬಿಡುತ್ತಾರೆ. ಎಡವಟ್ಟಾಗುವುದು ಆಮೇಲೆ: ಕೆಳಗೆ ಹಾಕಿದ 20 ಸೆಕೆಂಡಿನೊಳಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳು ಎದ್ದವು. ಕಾರಣ ಹಾಸಿಗೆಯ ತಣ್ಣನೆಯ ಸ್ಪರ್ಶವಲ್ಲ. ತಾಯಿಯ ಮೈಯಿಂದ ಬಿಡಿಸಿಕೊಳ್ಳುವ ಕ್ಷಣದಲ್ಲೇ ಎದೆಬಡಿತ ಏರುತ್ತಿತ್ತು. ಉಪಾಯ? ಮಲಗಿದ ಮೇಲೆ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕೂತಿದ್ದು ಆಮೇಲೆ ಇಳಿಸುವುದು. ನಡುರಾತ್ರಿ ಎಂಟು ನಿಮಿಷವೆಂದರೆ ಎಷ್ಟು ಉದ್ದ ಎಂಬುದನ್ನು ಅವರು ಅಳೆದಂತಿಲ್ಲ.

● ಇಳಿಸುವಾಗ ಕೂಸು ಎರಡೂ ಕೈ ಚಾಚಿ ಬೆಚ್ಚಿಬೀಳುತ್ತದಲ್ಲ, ಅದಕ್ಕೆ ಮೋರೋ ಪ್ರತಿಕ್ರಿಯೆ ಎಂದು ಹೆಸರು. 1918ರಲ್ಲಿ ಇದನ್ನು ವಿವರಿಸಿದ ಮಕ್ಕಳ ವೈದ್ಯ ಅರ್ನ್ಸ್ಟ್ ಮೋರೋ ಹೆಸರಿನಿಂದ ಬಂದದ್ದು. ಐದಾರು ತಿಂಗಳಲ್ಲಿ ಅದು ಮಾಯ. ಅಲ್ಲಿಯವರೆಗೆ ಮೊದಲು ಪಾದ, ಆಮೇಲೆ ಬೆನ್ನು, ಕಡೆಗೆ ತಲೆ ತಾಗುವಂತೆ ಇಳಿಸಿ ಎದೆಯ ಮೇಲೆ ಅಂಗೈ ಇಟ್ಟುಕೊಂಡರೆ ಬೆಚ್ಚುವುದು ಕಡಿಮೆ.

● ಹೆಗಲಿಗೆ ಹಾಕಿ ತಟ್ಟಿ ತೇಗಿಸದಿದ್ದರೆ ಹೊಟ್ಟೆನೋವು ಬರುತ್ತದೆಂದು ಎಲ್ಲ ಅಜ್ಜಿಯರೂ ಹೇಳುತ್ತಾರೆ. ಚಂಡೀಗಢದ ಸಂಶೋಧಕರು 71 ತಾಯಿ-ಮಕ್ಕಳ ಜೋಡಿಗಳಲ್ಲಿ ಇದನ್ನು ಪರೀಕ್ಷಿಸಿದರು. ಫಲಿತಾಂಶ ಬಂದದ್ದು 2015ರ ಹೊತ್ತಿಗೆ. ತೇಗಿಸಿದ ಮಕ್ಕಳ ಹೊಟ್ಟೆನೋವಿನ ಅಳು ಕಡಿಮೆಯಾಗಲಿಲ್ಲ, ಹಾಲು ಕಕ್ಕುವುದು ಮಾತ್ರ ಹೆಚ್ಚಾಯಿತು! ಹಾಗೆಂದು ತೇಗಿಸಲೇಬಾರದು ಎಂದಲ್ಲ. ಹತ್ತು ನಿಮಿಷ ತಟ್ಟಿದರೂ ತೇಗು ಬರಲಿಲ್ಲವೆಂದು ಅರ್ಧ ರಾತ್ರಿ ಗಾಬರಿಯಾಗಬೇಕಿಲ್ಲ.

● ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ಉಸಿರುಗಟ್ಟಿಸುತ್ತದೆ ಎಂಬ ಭಯವೂ ತಲೆಕೆಳಗು. ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲೆ, ಅನ್ನನಾಳ ಕೆಳಗೆ. ಹಾಲು ಉಸಿರಿನ ಕೊಳವೆಗೆ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕು. ಬೋರಲು ಹಾಕಿದರೆ ಇದೇ ಉಲ್ಟಾ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಅಂಗಾತವೇ ಮಲಗಿಸಿ ಎಂದು 1992ರಿಂದ ಹೇಳತೊಡಗಿದ ಮೇಲೆ ಅಲ್ಲಿ ನಿದ್ದೆಯಲ್ಲಿನ ಹಠಾತ್ ಶಿಶುಸಾವು ಅರ್ಧಕ್ಕೂ ಹೆಚ್ಚು ಇಳಿಯಿತು.

● ಹಾಲು ಕುಡಿಸುತ್ತಲೇ ಸೋಫಾದಲ್ಲಿ ತೂಕಡಿಸುವುದು ಹಾಸಿಗೆಯಲ್ಲಿ ತೂಕಡಿಸುವುದಕ್ಕಿಂತ ಅಪಾಯ.

● ಗ್ರೈಪ್ ವಾಟರ್ ಹುಟ್ಟಿದ್ದು ಮಲೇರಿಯಾ ಜ್ವರದ ನೆರಳಲ್ಲಿ. ಇಂಗ್ಲೆಂಡಿನ ಜೌಗು ಪ್ರದೇಶದ ಮಕ್ಕಳಿಗೆ ಜ್ವರಕ್ಕೆ ಕೊಡುತ್ತಿದ್ದ ಔಷಧಿಯನ್ನು ನೋಡಿ ನಾಟಿಂಗ್‌ಹ್ಯಾಮಿನ ವಿಲಿಯಂ ವುಡ್‌ವರ್ಡ್ 1851ರಲ್ಲಿ ಇದನ್ನು ಕಲೆಸಿದ. ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆ, ಜೊತೆಗೆ ಶೇ. 3.6ರಷ್ಟು ಆಲ್ಕೋಹಾಲ್. ಮಕ್ಕಳು ಯಾಕೆ ಸುಮ್ಮನಾಗುತ್ತಿದ್ದವು ಎಂದು ಬೇರೆ ಹೇಳಬೇಕೇ? ಇಂದಿನ ಬಾಟಲಿಯಲ್ಲಿ ಮದ್ಯವಿಲ್ಲ. ಆದರೂ ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ ಎನ್ನುವ ವೈದ್ಯರ ಮಾತಿಗೆ ಇದೂ ಸೇರುತ್ತದೆ.

● ಬಾಣಂತನದ ಮನೆಯಲ್ಲಿ ತೇಯ್ದು ನೆಕ್ಕಿಸುವ ಬಜೆಯನ್ನು ಆಹಾರದಲ್ಲಿ ಬಳಸುವುದಕ್ಕೆ ಅಮೆರಿಕ 1968ರಲ್ಲೇ ನಿಷೇಧ ಹಾಕಿತು. ಅದರಲ್ಲಿರುವ ಆಸರೋನ್ ಎಂಬ ಅಂಶ ಕಾರಣ. ಜಾಯಿಕಾಯಿಯೂ ಅಳತೆ ಮೀರಿದರೆ ಮತ್ತು ಬರಿಸುತ್ತದೆ. ‘ನಾವೆಲ್ಲ ಅದನ್ನೇ ನೆಕ್ಕಿ ಬೆಳೆದವರು’ ಎನ್ನುವವರೊಡನೆ ಜಗಳಕ್ಕಿಳಿಯದೆ, ಬಜೆಯನ್ನು ಬಳೆಯ ಹಾಗೆ ದಾರಕ್ಕೆ ಪೋಣಿಸಿ ತೊಟ್ಟಿಲಿಗೆ ಕಟ್ಟಿ, ಕೈಗೆ ಎಟುಕದಷ್ಟು ಎತ್ತರದಲ್ಲಿ. ಅವರಿಗೂ ಸಮಾಧಾನ. ಜೇನುತುಪ್ಪ ಮಾತ್ರ ವರ್ಷ ತುಂಬುವವರೆಗೆ ಖಂಡಿತ ಬೇಡ: ಅದರಲ್ಲಿರಬಹುದಾದ ಬೀಜಾಣುಗಳು ಎಳೆಗರುಳಲ್ಲಿ ಮೊಳೆತು ವಿಷ ಬಿಡುತ್ತವೆ.

● ರಾತ್ರಿಯ ಎದೆಹಾಲೇ ಬೇರೆ. ನಿದ್ದೆಯ ಹಾರ್ಮೋನು ಮೆಲಟೋನಿನ್ ಇರುಳಿನ ಹಾಲಿನಲ್ಲಿರುತ್ತದೆ, ಹಗಲಿನದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕೂಸಿನ ಸ್ವಂತ ಮೆಲಟೋನಿನ್ ಗಡಿಯಾರ ಓಡತೊಡಗುವುದು ಎರಡು ಮೂರು ತಿಂಗಳ ನಂತರ. ಅಲ್ಲಿಯವರೆಗೆ ಸಾಲ ಅಮ್ಮನದು. ಕೆಲಸಕ್ಕೆ ಹೋಗುವ ತಾಯಂದಿರು ಹಿಂಡಿಟ್ಟ ಬಾಟಲಿಯ ಮೇಲೆ ಹೊತ್ತು ಬರೆದಿಟ್ಟರೆ, ಇರುಳಿನದು ಇರುಳಿಗೇ ಸಿಗುತ್ತದೆ. ಹಾಲೂಡಿಸುವಾಗ ಟ್ಯೂಬ್‌ಲೈಟ್ ಹಾಕದೆ ಮಂದ ದೀಪ ಸಾಕು. ಮೊಬೈಲ್ ಬೆಳಕೂ ಬೆಳಕೇ (ಬರೆಯುವುದು ಸುಲಭ).

● ಹೊಟ್ಟೆಯೊಳಗಿದ್ದಾಗ ಕೂಸಿನ ಲೆಕ್ಕ ಉಲ್ಟಾ ಇತ್ತು. ಹಗಲೆಲ್ಲ ಅಮ್ಮನ ನಡಿಗೆ ತೂಗುತ್ತಿತ್ತು, ಅದು ಮಲಗುತ್ತಿತ್ತು; ಅಮ್ಮ ಮಲಗಿದಾಗ ಒದೆತ. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲು ಮಾಡುವುದು ಆ ನಡಿಗೆಯ ಕೆಲಸವನ್ನೇ. ಸೀರೆಯ ಜೋಲಿ ಹಗಲಿಗೆ, ಕಣ್ಣೆದುರು ಇರುವಾಗ ಸರಿ. ರಾತ್ರಿಯಿಡೀ ಅದರಲ್ಲಿ ಮಲಗಿಸಿದರೆ ಗದ್ದ ಎದೆಗೆ ಒತ್ತಿ ಉಸಿರಿನ ದಾರಿ ಮಡಿಸಿಕೊಳ್ಳಬಹುದು. ಇಳಿಜಾರಿನ ಮಲಗುತೊಟ್ಟಿಲುಗಳನ್ನು ಅಮೆರಿಕ 2022ರಲ್ಲಿ ಕಾನೂನು ಮಾಡಿಯೇ ನಿಲ್ಲಿಸಿತು.

● ‘ಶ್‌ಶ್’ ಸದ್ದಿನ ಯಂತ್ರಗಳನ್ನು ತೊಟ್ಟಿಲಿಗೆ ಕಟ್ಟಬೇಡಿ. 2014ರಲ್ಲಿ 14 ಯಂತ್ರಗಳನ್ನು ಅಳೆದಾಗ, ಕೆಲವು ಪೂರ್ತಿ ದನಿಯಲ್ಲಿ 85 ಡೆಸಿಬಲ್ ದಾಟಿದವು.

● ಅಳುವಿಗೂ ಏರಿಳಿತದ ನಕ್ಷೆ ಇದೆ. ಎರಡನೇ ವಾರದಿಂದ ಏರುತ್ತಾ ಆರನೇ ವಾರದ ಸುಮಾರಿಗೆ ತುದಿ ಮುಟ್ಟಿ, ಮೂರನೇ ತಿಂಗಳಿಗೆ ಇಳಿಯುತ್ತದೆ. ಅಲ್ಲಿಯವರೆಗೆ ಬಾಣಂತಿಗೆ ಊಟ ಕೊಟ್ಟು, ಹಾಲು ಕುಡಿದ ಕೂಸನ್ನು ಎತ್ತಿಕೊಂಡು ಆ ಎಂಟು ನಿಮಿಷ ಕೂರಲು ಮನೆಯ ಗಂಡಸರಿಗೆ ಯಾವ ಹಾರ್ಮೋನೂ ಬೇಕಿಲ್ಲ.

● ನಿದ್ದೆಯಲ್ಲಿ ಎಳೆಗೂಸು ತಾನೇ ನಗುತ್ತದೆ. ದೇವರು ಆಡಿಸುತ್ತಿದ್ದಾನೆ ಎಂದು ಹಿರಿಯರು, ಚುರುಕು ನಿದ್ದೆ ಎಂದು ವಿಜ್ಞಾನ. ಎದ್ದಿದ್ದಾಗ ನಮ್ಮನ್ನು ನೋಡಿ ನಗುವುದು ಬರುವುದು ಆರರಿಂದ ಎಂಟನೇ ವಾರದಲ್ಲಿ, ಅಂದರೆ ಅಳು ತುದಿಯಲ್ಲಿರುವ ಹೊತ್ತಿಗೇ.